ಹತ್ತರಲ್ಲಿ ಎಷ್ಟು

ನನ್ನ ದಿನಚರಿಯಲ್ಲಿ ಸುಳ್ಳು ಬರೆದ ಪುಟಗಳು ಮೂವತ್ತೊಂಬತ್ತು ಇವೆ. ಬರೆಯುವಾಗ ಅವು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಜನವರಿ ಆರರಿಂದ ಫೆಬ್ರವರಿ ಹತ್ತೊಂಬತ್ತರವರೆಗೆ, ಭಾನುವಾರ ಬಿಟ್ಟು, ಪ್ರತಿ ಪುಟದ ಕೆಳಗೂ ಕೆಂಪು ಶಾಯಿಯಲ್ಲಿ ಒಂದು ಅಂಕಿ ಇದೆ. ಅದು ಒಬ್ಬ ಹೆಂಗಸಿನ ಬಲಗಾಲಿನ ಹಿಮ್ಮಡಿ ನೋವು, ಹತ್ತರಲ್ಲಿ ಎಷ್ಟು ಎಂಬ ಲೆಕ್ಕ. ಮೊದಲ ಪುಟದಲ್ಲಿ ಎಂಟು, ಕೊನೆಯ ಪುಟದಲ್ಲಿ ಒಂದು.

ಅವರು ನಮ್ಮ ಶಾಖಾ ಅಂಚೆ ಕಚೇರಿಯಲ್ಲಿ ಟಪಾಲು ಹಂಚುತ್ತಿದ್ದರು. ಕಾನಸೂರಿನಿಂದ ನಾಲ್ಕು ಕಿಲೋಮೀಟರ್ ಒಳಗೆ, ಒಂದು ಕಿಟಕಿ, ಎರಡು ಮೇಜಿನ ಕೋಣೆ ಅದು. ಅಲ್ಲಿ ಇದ್ದವರು ನಾವಿಬ್ಬರೇ. ನಾನು ಪೋಸ್ಟ್ ಮಾಸ್ಟರ್, ಇಪ್ಪತ್ನಾಲ್ಕು ವರ್ಷ, ಮುಂಡಗೋಡದ ಬಯಲಿನ ಕಡೆಯವನು. ಅವರು ನನ್ನ ಕೈಕೆಳಗಿನವರೆಂದು ಕಾಗದದಲ್ಲಿತ್ತು. ವಯಸ್ಸು ಅರವತ್ನಾಲ್ಕು, ಆ ದಾರಿಯಲ್ಲಿ ನಡೆದದ್ದು ಇಪ್ಪತ್ತಾರು ವರ್ಷ. ಗಂಡ ಮಾಡುತ್ತಿದ್ದ ಕೆಲಸ, ಅವರು ತೀರಿಕೊಂಡ ಮೇಲೆ ಇವರಿಗೆ ಬಂದಿತ್ತು. ಊರಿನವರು ಪೋಸ್ಟಕ್ಕ ಎನ್ನುತ್ತಿದ್ದರು. ನಾನು ನಮ್ಮ ಕಡೆಯ ರೂಢಿಯಂತೆ ಅಕ್ಕಾರ ಎನ್ನುತ್ತಿದ್ದೆ. ಅವರಿಗೆ ಅದು ತಮಾಷೆ.

"ಅಕ್ಕಾರ ಅಂದ್ರೆ ಎಂತದೋ ದೊಡ್ಡ ಆಫೀಸರಿಗೆ ಕರದಂಗೆ ಆಗ್ತದೆ ಮಾಸ್ತರೆ. ನಾ ಹಿಂದೆ ತಿರುಗಿ ನೋಡ್ತೆ, ಯಾರು ಬಂದ್ರು ಅಂತ."

ನಾನು ಕೆಲಸಕ್ಕೆ ಸೇರಿದ ನಾಲ್ಕನೇ ದಿನ ಕಚೇರಿಯ ಬಾಗಿಲಲ್ಲೇ ಒಂದು ಜಗಳ ನೋಡಿದೆ. ಬೈಕಿನಲ್ಲಿ ಹೋಗುತ್ತಿದ್ದ ಒಬ್ಬರು ನಿಲ್ಲಿಸಿ ಕೇಳಿದರು:

"ಪೋಸ್ಟಕ್ಕ, ನಂದು ಎಂತಾದ್ರೂ ಬಂದದ್ಯ?"

"ಬಂದದೆ."

"ಕೊಡು ಮತ್ತೆ."

"ಮನೆಗೆ ಬಂದು ಕೊಡ್ತೆ."

"ಮಾರಾಯ್ತಿ, ನಾ ಶಿರಸಿಗೆ ಹೊಂಟವ!"

"ಹಂಗಾರೆ ಶಿರಸಿಗೆ ಹೋಗಿ ಬಾ. ಕಾಗದ ಮನೆಲಿ ಇರ್ತದೆ."

ಆ ಮನುಷ್ಯ ಬೈಯುತ್ತಾ ಹೋದ. ಕೈಯಲ್ಲೇ ಇದ್ದ ಕಾಗದ ಕೊಟ್ಟರೆ ಏನಾಗುತ್ತಿತ್ತು ಎಂದು ಕೇಳಿದೆ. ಅವರು ಚೀಲವನ್ನು ಹೆಗಲಿಗೇರಿಸುತ್ತಾ, "ವಿಳಾಸದಲ್ಲಿ ಮನೆ ಹೆಸರು ಬರದವ್ರೆ. ದಾರಿ ಹೆಸರು ಬರೀಲಿಲ್ಲ," ಎಂದರು. ಇದು ಅವರ ನಿಯಮ. ಟಪಾಲು ದಾರಿಯಲ್ಲಿ ಕೊಡುವುದಲ್ಲ, ಗೇಟಿನಲ್ಲಿ ಕೊಡುವುದಲ್ಲ, ಕೂಗಿ ಕರೆದು ಕೊಡುವುದಲ್ಲ. ಮನೆಯ ಜಗುಲಿಗೆ ಹೋಗಿ ಕೈಗೇ ಕೊಡಬೇಕು. ಕಣ್ಣು ಕಾಣದವರಿಗೆ ಓದಿಯೂ ಹೇಳಬೇಕು. ಸಾವಿನ ಸುದ್ದಿ ಇದ್ದ ಕಾರ್ಡನ್ನು ಕಟ್ಟಿನ ಕೆಳಗೆ ಬೇರೆ ಇಡುತ್ತಿದ್ದರು. ಆ ಮನೆಯಲ್ಲಿ ಕೊಟ್ಟ ನೀರನ್ನು ಕುಡಿಯುತ್ತಿರಲಿಲ್ಲ. ಓದಿ ಮುಗಿಸುವವರೆಗೆ ನಿಂತೇ ಇರುತ್ತಿದ್ದರು. ಇದನ್ನೆಲ್ಲ ನಾನು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಬರೆದುಕೊಂಡೂ ಅದರಿಂದ ತಿಳಿಯಬೇಕಾದ್ದು ನನಗೆ ತಿಳಿಯಲಿಲ್ಲ.

ಜೂನ್ ಮೂವತ್ತಕ್ಕೆ ಅವರ ನಿವೃತ್ತಿ. ಆ ದಿನದ ಬಗ್ಗೆ ಅವರಿಗೆ ಒಂದೇ ಆಸೆ ಇತ್ತು. ನವೆಂಬರ್‌ನಿಂದಲೇ ಹೇಳುತ್ತಿದ್ದರು: "ಕೊನೇ ದಿನ ಕಾಗದ ಇದ್ದ ಮನೆಗೂ ಹೋಗೂದು, ಇಲ್ಲದ ಮನೆಗೂ ಹೋಗೂದು. ಜಗುಲಿ ಮೇಲೆ ಕೂತು, ನಾಳೆಯಿಂದ ನಾ ಬರೂದಿಲ್ಲ ಅಂತ ಹೇಳಿ ಬರೂದು." ಅವರ ಸುತ್ತಿನಲ್ಲಿ ಎಪ್ಪತ್ತೊಂದು ಮನೆ. ಒಂದು ದಿನಕ್ಕೆ ಆಗುವುದಿಲ್ಲ, ಮೂರು ದಿನವಾದರೂ ಬೇಕು ಎಂದು ನಾನು ಲೆಕ್ಕ ಮಾಡಿ ಹೇಳಿದೆ. "ಹಂಗಾರೆ ಇಪ್ಪತ್ತೆಂಟಕ್ಕೇ ಹೊರಡೂದು," ಎಂದರು.

ಡಿಸೆಂಬರ್ ಹದಿನೇಳು. ಬೆಳಿಗ್ಗೆ ಕಚೇರಿಯ ಹೊರಗೆ ಕಾಲು ತೊಳೆದುಕೊಂಡು ಅವರು ಒಳಗೆ ಬಂದರು. ಸಿಮೆಂಟ್ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿತು. ಎರಡೂ ಹೆಜ್ಜೆಯ ಗುರುತಿನಲ್ಲಿ ಪಾದದ ನಡುವಿನ ಬಾಗು ಇರಲಿಲ್ಲ. ಹಿಮ್ಮಡಿಯಿಂದ ಬೆರಳಿನವರೆಗೆ ಇಡೀ ಪಾದ, ಇಟ್ಟಿಗೆಯ ಅಚ್ಚಿನ ಹಾಗೆ. ಬಲಗಾಲಿನ ಹೆಜ್ಜೆಯಲ್ಲಿ ಹಿಮ್ಮಡಿಯ ಗುರುತು ಅರ್ಧವೇ ಇತ್ತು. ಪೂರ್ತಿ ಊರುತ್ತಿರಲಿಲ್ಲ.

ಆ ಹೆಜ್ಜೆಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ನನ್ನದೂ ಅದೇ. ಇಪ್ಪತ್ತನೇ ವಯಸ್ಸಿನಲ್ಲಿ ಸೈನ್ಯದ ಭರ್ತಿಗೆ ಹೋಗಿದ್ದೆ. ಓಟದಲ್ಲಿ ಪಾಸಾದೆ, ಎತ್ತರ, ಎದೆ, ಎಲ್ಲ ಸರಿಯಿತ್ತು. ವೈದ್ಯರು ಕಾಲು ಒದ್ದೆ ಮಾಡಿಸಿ ಕಾಗದದ ಮೇಲೆ ನಿಲ್ಲಿಸಿದರು, ನೋಡಿದರು, ಪಕ್ಕಕ್ಕೆ ಹೋಗು ಎಂದರು. ಚಪ್ಪಟೆ ಪಾದ. ಅಲ್ಲಿಂದ ಮುಂದೆ ಒಂದು ವರ್ಷ ನಾನು ಪಾದಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ.

"ಅಕ್ಕಾರ, ಬಲಗಾಲು ಯಾಕ ಹಂಗ ಇಡ್ತೀರಿ? ನೋವೈತೇನ್ರಿ?"

"ನೋವು ಯಾರಿಗೆ ಇಲ್ಲ ಮಾಸ್ತರೆ. ಬೆಳಿಗ್ಗೆ ಎದ್ದ ಕೂಡ್ಲೆ ಮುಳ್ಳು ತುಳಿದಂಗೆ ಆಗ್ತದೆ. ನಾಕು ಹೆಜ್ಜೆ ಹಾಕಿದ ಮೇಲೆ ಅದಕ್ಕೂ ಅಭ್ಯಾಸ, ನಂಗೂ ಅಭ್ಯಾಸ."

ಅವರು ಬಾಗಿಲ ಹೊರಗೆ ಬಿಟ್ಟು ಬಂದದ್ದು ಸವೆದು ತೆಳ್ಳಗಾದ ರಬ್ಬರ್ ಚಪ್ಪಲಿ. ಅದರಲ್ಲೇ ದಿನಕ್ಕೆ ಎಂಟು ಒಂಬತ್ತು ಕಿಲೋಮೀಟರ್. ನಾನು ಅವತ್ತೇ ನಿರ್ಧರಿಸಿದೆ: ಅವರಿಗೆ ಒಂದು ಜೊತೆ ಬೂಟು ಬೇಕು, ಬೂಟಿನೊಳಗೆ ಪಾದದ ಕಮಾನಿಗೆ ಆಸರೆ ಕೊಡುವ ಮೆತ್ತೆ ಬೇಕು. ನನ್ನ ಕೈಗೆ ಎಟುಕುವ ಬೆಲೆಯದೇ ಸಾಕು, ಆದರೆ ಆರಿಸುವುದು ಸರಿಯಾಗಿರಬೇಕು.

ಆರಿಸುವುದರಲ್ಲಿ ನಾನು ತಪ್ಪಲಿಲ್ಲ. ಅದನ್ನು ಈಗಲೂ ಹೇಳಬಲ್ಲೆ. ಒಟ್ಟು ನಾಲ್ಕು ತರಿಸಿದೆ. ಶಿರಸಿಯ ಚಪ್ಪಲಿ ಅಂಗಡಿಯಲ್ಲಿ ಸಿಕ್ಕ ತೆಳು ಸ್ಪಂಜಿನದು ಎಲ್ಲಕ್ಕಿಂತ ಅಗ್ಗ. ಹೆಬ್ಬೆರಳಿನಿಂದ ಒತ್ತಿದರೆ ಕುಸಿದದ್ದು ಮೇಲೇಳಲೇ ಇಲ್ಲ. ಔಷಧಿ ಅಂಗಡಿಯ ಜೆಲ್ಲಿಯಂಥದ್ದು ಮೆತ್ತಗಿತ್ತು, ಆದರೆ ಮೆತ್ತಗಿರುವುದು ಬೇರೆ, ಆಸರೆ ಬೇರೆ, ಬೆವರಿದರೆ ಜಾರುತ್ತಿತ್ತು. ಮೂರನೆಯದು ಗಟ್ಟಿ ಪ್ಲಾಸ್ಟಿಕ್ಕಿನದು. ಅದರ ಕಮಾನು ಎಷ್ಟು ಎತ್ತರವೆಂದರೆ ಚಪ್ಪಟೆ ಪಾದದವರಿಗೆ ಕಲ್ಲು ತುಳಿದಂತೆ. ನಾಲ್ಕನೆಯದು ಗಟ್ಟಿ ಫೋಮು. ಹಿಮ್ಮಡಿ ಕೂರಲು ಬಟ್ಟಲಿನಂಥ ಗುಣಿ, ತಗ್ಗಾದ ಕಮಾನು, ಬಗ್ಗಿಸಿದರೆ ಬೆರಳಿನ ಜಾಗದಲ್ಲಿ ಮಾತ್ರ ಬಗ್ಗುತ್ತಿತ್ತು, ನಡುವೆ ಅಲ್ಲ. ಬೆಲೆಯಲ್ಲಿ ಮೂರನೆಯದರ ಅರ್ಧ. ಒಂದೊಂದನ್ನೂ ಮೂರು ಮೂರು ದಿನ ನನ್ನ ಬೂಟಿನಲ್ಲೇ ಹಾಕಿ ನೋಡಿದೆ. ನಾನು ಬೆಳಿಗ್ಗೆ ಕಟ್ಟಿದ ಲೇಸನ್ನು ಬಿಚ್ಚುತ್ತಿದ್ದದ್ದು ಸಂಜೆ ಕೋಣೆಗೆ ಹೋದ ಮೇಲೆ.

ಕೊನೆಯ ಎರಡು ಮೆತ್ತೆಗಳು ಪಾರ್ಸೆಲ್ಲಿನಲ್ಲಿ ಬಂದವು. ಬಸ್ಸಿನಿಂದ ಚೀಲ ಇಳಿಸಿಕೊಂಡು ಬಂದವರು ಅವರೇ. ಬೇರೆ ಯಾರಿಗೋ ಕೊಡುವ ಹಾಗೆ ನನ್ನ ಮೇಜಿನ ಮುಂದೆ ನಿಂತು ಸಹಿ ಹಾಕಿಸಿಕೊಂಡು ಕೊಟ್ಟರು. "ಹಗುರ ಅದೆ. ತಿನ್ನೂದಲ್ಲ ಅಂತ ಕಾಣ್ತದೆ." ಬಿಚ್ಚಿ ತೋರಿಸಿದಾಗ ನಾಲ್ಕನೆಯದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಇಷ್ಟು ಚೆಂದದ್ದನ್ನು ಕಾಲಡಿಗೆ ಹಾಕೂದೇ?" ಎಂದು ನಕ್ಕರು.

ಜನವರಿ ಐದು, ಭಾನುವಾರ, ಇಬ್ಬರೂ ಶಿರಸಿಗೆ ಹೋಗಿ ಬೂಟು ತೆಗೆದುಕೊಂಡೆವು. ಮೆತ್ತೆ ಹಾಕಲು ಬೂಟಿನ ಒಳಗಿನ ಹಾಳೆ ತೆಗೆಯಲು ಬರಬೇಕು. ಇಲ್ಲದಿದ್ದರೆ ಹಿಮ್ಮಡಿ ಮೇಲೆದ್ದು ಬೂಟು ಕಳಚುತ್ತದೆ. ಅಂಥ ಕಪ್ಪು ಕ್ಯಾನ್ವಾಸ್ ಬೂಟು ಸಿಕ್ಕಿತು. ಅಕ್ಕಾರು ಅದನ್ನು ಹಾಕಿ, ಕಟ್ಟಿ, ಎದ್ದು ನಿಂತರು. ಮತ್ತೆ ಕೂತು ಬಿಚ್ಚಿದರು. ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು.

"ಹಗ್ಗ ಇಲ್ದೇ ಇದ್ದದ್ದು ಇಲ್ಲೇನ?" ಎಂದು ಅಂಗಡಿಯವರನ್ನು ಕೇಳಿದರು.

"ಲೇಸ್ ಇದ್ರನ ಕಾಲು ಗಟ್ಟಿ ಹಿಡೀತದ್ರಿ ಅಕ್ಕಾರ. ಇಲ್ಲಾಂದ್ರ ಮೆತ್ತೆ ಹಾಕಿ ಉಪಯೋಗಿಲ್ಲ," ಎಂದೆ.

"ಅಲ್ಲ, ತೆಗೆದು ಹಾಕೂಕೆ..."

"ದಿನಕ್ಕ ಒಮ್ಮೆ ಹಾಕೋದು, ಒಮ್ಮೆ ತೆಗಿಯೋದು. ರೂಢಿ ಆಗ್ತದ್ರಿ."

ಅವರು ನನ್ನ ಮುಖ ನೋಡಿದರು. ಆಮೇಲೆ "ಆತು ಬಿಡಿ," ಎಂದರು. ಆ ದಿನದ ಪುಟದಲ್ಲಿ ಹೀಗಿದೆ: "ಅಕ್ಕಾರಿಗೆ ಲೇಸ್ ಕಟ್ಟಲು ಬೇಸರ. ರೂಢಿಯಾಗುತ್ತದೆ." ಈ ಎರಡು ವಾಕ್ಯದ ಮೇಲೆ ಗೆರೆ ಎಳೆಯಬೇಕೆಂದು ಎಷ್ಟೋ ಸಲ ಅನಿಸಿದೆ. ಎಳೆದಿಲ್ಲ.

ಮರುದಿನದಿಂದ ಲೆಕ್ಕ ಶುರುವಾಯಿತು. ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಬೂಟು ಹಾಕಿಕೊಂಡು ಹೊರಡುತ್ತಿದ್ದರು. ಹೊರಡುವ ಮೊದಲು ಚೀಲವನ್ನು ಎರಡು ಸಲ ತಟ್ಟುವುದು ಅವರ ಅಭ್ಯಾಸ. ಎರಡೂವರೆಯ ಹೊತ್ತಿಗೆ ಬೂಟಿನಲ್ಲೇ ಮರಳಿ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಕೆಂಪು ಪೆನ್ನು ತೆಗೆದು ಕೇಳುತ್ತಿದ್ದೆ: "ಹತ್ತರಾಗ ಎಷ್ಟ್ರಿ ಇವತ್ತ?"

ಅವರು ಮೊದಲು ನನ್ನ ಕಡೆ ನೋಡುತ್ತಿದ್ದರು. ಆಮೇಲೆ ಹೇಳುತ್ತಿದ್ದರು, "ಏಳು. ಬರ್ಕಳ್ಳಿ." ನಾಲ್ಕು ದಿನ ಕಳೆದ ಮೇಲೆ, "ಆರು. ಬರ್ಕಳ್ಳಿ." ಒಂದು ದಿನ ನಾನು ತಮಾಷೆಗೆ, ಹಿಂಗ ಇಳದ್ರ ಮಾರ್ಚಿಗೆ ನೀವ ಭರ್ತಿಗೆ ಹೋಗಬಹುದ್ರಿ ಎಂದೆ. ನನ್ನ ಭರ್ತಿಯ ಕಥೆಯನ್ನು ಅವರಿಗೆ ಆಗಲೇ ಹೇಳಿದ್ದೆ. ಅವರು ನಗಲಿಲ್ಲ. "ನಿಮಗೆ ಈಗಲೂ ಬೇಜಾರ ಅದೆ ಅಲ್ದ ಮಾಸ್ತರೆ," ಎಂದರು. ನಾನು ಇಲ್ಲವೆಂದೆ. ಅಂದು ಅವರು ಹೇಳಿದ ಅಂಕಿ ಒಮ್ಮೆಲೇ ಎರಡು ಇಳಿದು ನಾಲ್ಕಾಗಿತ್ತು.

ಜನವರಿ ಇಪ್ಪತ್ತೇಳರಂದು ಮೇಲಿನ ಕಚೇರಿಯಿಂದ ಸಾಹೇಬರ ಫೋನು ಬಂತು. ಆ ಅಮ್ಮನಿಗೆ ಕಾಲುನೋವು ಎಂದು ಯಾರೋ ಹೇಳಿದರು, ಒಂದು ತಿಂಗಳು ರಜೆ ಕೊಟ್ಟು ಬದಲಿ ಜನ ಹಾಕೋಣವೇ, ಈಗಾದರೆ ಒಬ್ಬರು ಸಿಗುತ್ತಾರೆ ಎಂದು ಕೇಳಿದರು. ನಾನು ದಿನಚರಿ ತೆರೆದೆ. ಎಂಟರಿಂದ ನಾಲ್ಕಕ್ಕೆ ಇಳಿದಿದೆ ಸರ್, ಬೇಕಾಗಿಲ್ಲ ಎಂದೆ. ದಿನಾಂಕ ಸಹಿತ ಓದಿ ಹೇಳಿದೆ. ಸಾಹೇಬರು ಮೆಚ್ಚಿಕೊಂಡರು. ಅಕ್ಕಾರು ಪಕ್ಕದ ಮೇಜಿನಲ್ಲಿ ಮನೆಗಳ ಕ್ರಮಕ್ಕೆ ಕಾಗದ ಜೋಡಿಸುತ್ತಿದ್ದರು. ಕೈ ಒಂದು ಕ್ಷಣ ನಿಂತಿತು. ಆಮೇಲೆ ಕಾಗದದ ಮೂಲೆಗಳನ್ನು ನೇರ ಮಾಡಿ, ಚೀಲ ಎರಡು ಸಲ ತಟ್ಟಿ ಹೊರಟರು.

ಫೆಬ್ರವರಿ ಹತ್ತೊಂಬತ್ತಕ್ಕೆ ಅಂಕಿ ಒಂದಕ್ಕೆ ಬಂತು. ಇಪ್ಪತ್ತಕ್ಕೆ ಅವರು ಬರಲಿಲ್ಲ.

ಬೆಳಿಗ್ಗೆ ಹಾಸಿಗೆಯಿಂದ ಇಳಿದವರಿಗೆ ಬಲಗಾಲು ಊರಲು ಆಗಿರಲಿಲ್ಲ. ಪಕ್ಕದ ಮನೆಯವರು ಶಿರಸಿಗೆ ಕರೆದೊಯ್ದರು. ಹಿಮ್ಮಡಿಯಿಂದ ಬೆರಳಿಗೆ ಹೋಗುವ ನಾರಿನಂಥ ಪಟ್ಟಿಯೊಂದು ಅಂಗಾಲಿನೊಳಗೆ ಅರ್ಧ ಹರಿದಿದೆ, ಹಲವು ತಿಂಗಳು ನಡೆಯುವಂತಿಲ್ಲ ಎಂದು ವೈದ್ಯರು ಹೇಳಿದರಂತೆ. ಸುದ್ದಿ ಕೇಳಿ ನಾನು ದಿನಚರಿ ತೆಗೆದು ನೋಡಿದೆ. ಹಿಂದಿನ ದಿನದ ಪುಟದಲ್ಲಿ ಒಂದು ಎಂದಿತ್ತು.

ಬದಲಿಗೆ ಈಗ ಯಾರೂ ಸಿಗಲಿಲ್ಲ. ಹಾಗಾಗಿ ಇಪ್ಪತ್ತೊಂದರಂದು ಕಿಟಕಿ ಮುಚ್ಚಿ, ನನ್ನ ಬೂಟು ಬಿಗಿದುಕೊಂಡು, ನಾನೇ ಚೀಲ ಹೊತ್ತು ಹೊರಟೆ. ಅದುವರೆಗೆ ನಾನು ಹೋಗಿದ್ದ ನಾಲ್ಕಾರು ಮನೆಗಳೆಲ್ಲ ಡಾಂಬರು ರಸ್ತೆಯ ಬದಿಯವು. ಅವರ ಸುತ್ತಿನ ಒಳದಾರಿಗೆ ನಾನು ಕಾಲಿಟ್ಟದ್ದೇ ಮೊದಲು. ಕೆಲಸಕ್ಕೆ ಸೇರಿ ಏಳು ತಿಂಗಳಾದ ಮೇಲೆ.

ಮೊದಲ ಮನೆಯ ಅಂಗಳದ ಬಾಯಿಗೆ ದಣಪೆ ಇತ್ತು. ದನ ಬರದಂತೆ ಅಡ್ಡ ಸರಿಸುವ ಬಿದಿರಿನ ಗಳುಗಳು. ಗಳು ಸರಿಸಿ ಒಳಗೆ ಹೆಜ್ಜೆ ಇಟ್ಟೆ. ಜಗುಲಿಯಿಂದ ಒಬ್ಬ ಅಜ್ಜಿ ಕೂಗಿದರು:

"ತಮಾ, ತಮಾ, ಅಲ್ಲೇ ನಿಲ್ಲು! ಬೂಟು ತೆಗೆದಿಕ್ಕಿ ಬಾ. ಅಂಗಳದಲ್ಲಿ ಅಡಕೆ ಹರಗಿದ್ದು ಕಾಣ್ತಿಲ್ಯ?"

ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ನಡುವೆ ಒಂದು ಪಾದ ಅಗಲದ ದಾರಿ. ದಣಪೆಯ ಹೊರಗೆ ಕೂತು ಲೇಸ್ ಬಿಚ್ಚಿದೆ. ಬರಿಗಾಲಲ್ಲಿ ನಲವತ್ತು ಹೆಜ್ಜೆ, ಗಟ್ಟಿ ನೆಲ, ಸಣ್ಣ ಕಲ್ಲು. ಜಗುಲಿಗೆ ಹೋಗಿ ಕಾಗದ ಕೊಟ್ಟೆ. ಅಜ್ಜಿಗೆ ನನ್ನ ಕಾಲ ಮೇಲೆಯೇ ಕಣ್ಣು.

"ನಿಮ್ಮ ಬಯಲುಸೀಮೆಲಿ ಬೂಟು ಹಾಕ್ಯಂಡೇ ಊಟಕ್ಕೆ ಕೂರ್ತ್ವ?" ಎಂದರು.

"ಅಕ್ಕಾರು ಬೂಟು ಎಲ್ಲಿ ಬಿಡ್ತಿದ್ರು ಅಜ್ಜಿ?"

"ಪೋಸ್ಟಕ್ಕಂಗೆ ಬೂಟು? ಆನು ಕಂಡಿದ್ದೇ ಇಲ್ಲೆ. ಅವಳ ರಬ್ಬರ್ ಚಪ್ಪಲು ದಣಪೆ ಹತ್ರ ಕಂಡ ಕೂಡ್ಲೆ ಆನು ಮಜ್ಜಿಗೆ ಹಿಡ್ಕಂಡು ಬರ್ತೆ. ನಿನ್ನೆ ಮೊನ್ನೆವರೆಗೂ ಅದೇ ಚಪ್ಪಲು."

ಅವತ್ತು ಹದಿನಾಲ್ಕು ಮನೆಗೆ ಟಪಾಲಿತ್ತು. ಹದಿನಾಲ್ಕು ಸಲ ಬಿಚ್ಚಿ ಹದಿನಾಲ್ಕು ಸಲ ಕಟ್ಟಬೇಕು. ಐದನೇ ಮನೆಗೆ ಲೇಸ್ ಕಟ್ಟುವುದು ಬಿಟ್ಟೆ. ಸಡಿಲವಾದ ಬೂಟಿನಲ್ಲಿ ನಾನು ಅಷ್ಟು ಪರೀಕ್ಷೆ ಮಾಡಿ ಆರಿಸಿದ ಮೆತ್ತೆ ಮುಂದಕ್ಕೆ ಜಾರಿ ಮಡಚಿಕೊಂಡಿತು. ಎಂಟನೇ ಮನೆಯಿಂದ ಬೂಟು ನನ್ನ ಕೈಯಲ್ಲಿತ್ತು. ಇಪ್ಪತ್ನಾಲ್ಕು ವರ್ಷದ ನನ್ನ ಸೊಂಟ ಬಗ್ಗಿ ಬಗ್ಗಿ ನೋಯುತ್ತಿತ್ತು.

ಮರಳಿ ಬರುವಾಗ ತಿರುವಿನ ಗೂಡಂಗಡಿಯಲ್ಲಿ ನೀರು ಕೇಳಿದೆ. ಕಚೇರಿಯ ಕಿಟಕಿಯಿಂದ ಕಾಣದ ಮೊದಲ ಜಾಗ ಅದು. ಅಂಗಡಿಯವರು ನನ್ನ ಕೈಯಲ್ಲಿದ್ದ ಬೂಟು ನೋಡಿ ನಕ್ಕರು. "ನೀವೂ ಇಲ್ಲೇ ಇಟ್ಟು ಹೋಗೂದಾಗಿತ್ತು ಮಾಸ್ತರೆ. ಅಕ್ಕ ದಿನಾ ಇಡ್ತದೆ." ಸೋಡಾ ಬಾಟಲಿಗಳ ಹಿಂದಿನಿಂದ ಒಂದು ಡಬ್ಬ ಎಳೆದು ತೋರಿಸಿದರು. ಅದರಲ್ಲಿ ಚಪ್ಪಲಿಯ ಒಂದು ಉಂಗುಟದ ಪಟ್ಟಿ ಮಾತ್ರ ಇತ್ತು, ಕಿತ್ತರೆ ಇರಲೆಂದು ಇಟ್ಟದ್ದು. "ಹೋಗುವಾಗ ಬೂಟು ಬಿಚ್ಚಿ ಇದರಲ್ಲಿ ಇಟ್ಟು, ಚೀಲದಿಂದ ಚಪ್ಪಲಿ ತೆಗೆದು ಹಾಕ್ಕಂಡು ಹೋತದೆ. ಬರುವಾಗ ಚಪ್ಪಲಿ ಚೀಲಕ್ಕೆ, ಬೂಟು ಕಾಲಿಗೆ. ನಾ ಕೇಳ್ದೆ, ಎಂತಕ್ಕೆ ಈ ನಾಟಕ ಅಂತ. ಮಾಸ್ತರು ಬರೀತಾರೆ ಅಂತು."

ಆ ಸಂಜೆಯ ಪುಟದಲ್ಲಿ ದಿನಾಂಕ ಬಿಟ್ಟರೆ ಏನೂ ಇಲ್ಲ.

ಭಾನುವಾರ ಅವರ ಮನೆಗೆ ಹೋದೆ. ಕಾಲನ್ನು ಸ್ಟೂಲಿನ ಮೇಲೆ ಇಟ್ಟು ಕೂತಿದ್ದರು. ಬೂಟು ಗೋಡೆಯ ಪಕ್ಕ, ತೊಳೆದು, ಮೆತ್ತೆ ಬೇರೆ ತೆಗೆದು ಒಣಗಿಸಿತ್ತು. ನಾನು ಗೂಡಂಗಡಿಯ ಮಾತು ಎತ್ತಲಿಲ್ಲ. ಅವರೇ ನನ್ನ ಬರಿಗಾಲಿನ ಬೊಬ್ಬೆ ನೋಡಿ, "ಗೊತ್ತಾತು ಅಲ್ದ," ಎಂದರು.

"ಯಾಕ ಹೇಳ್ಲಿಲ್ರಿ ಅಕ್ಕಾರ?"

"ಹೆಂಗೆ ಹೇಳೂದು? ಏಳು ಅಂದ್ರೆ ನಿಮ್ಮ ಮೋರೆ ಸಣ್ಣ ಆಗ್ತಿತ್ತು. ಆರು ಅಂದ್ರೆ ಅರಳ್ತಿತ್ತು. ಪಾದದಿಂದಲೇ ನಿಮಗೊಂದು ಕೆಲಸ ತಪ್ಪಿತು ಅಂದಿದ್ರಿ. ಪಾದದ ಕೆಲಸ ಒಂದಾದ್ರೂ ನಿಮ್ಮ ಕೈಯಲ್ಲಿ ಸರಿ ಆಗ್ಲಿ ಅಂತ ಕಂಡ್ತು."

"ಸಾಹೇಬ್ರು ಫೋನ್ ಮಾಡಿದ್ದ ದಿನಾ ಆದ್ರೂ..."

"ಆ ದಿನ ಹೇಳೂದಾಗಿತ್ತು. ಬಾಯಿಗೆ ಬಂದಿತ್ತು. ನೀವು ತಾರೀಕು ಹಾಕಿ ಹಾಕಿ ಓದ್ತಾ ಇದ್ರಿ. ಎಲ್ಲ ನಾನೇ ಹೇಳಿದ್ದು. ಈಗ ಸುಳ್ಳು ಅಂದ್ರೆ ಸಾಹೇಬರ ಮುಂದೆ ನಿಮ್ಮ ಮರ್ಯಾದೆ ಎಂತ ಆಗ್ತಿತ್ತು?" ಕಾಲನ್ನು ಸ್ಟೂಲಿನ ಮೇಲೆ ಸರಿಸಿಕೊಂಡರು. "ಆ ಒಂದು ತಿಂಗಳು ಕೂತಿದ್ರೆ ಜೂನಿಗೆ ನಡೀತಿದ್ದೆನೇನೋ. ಗೊತ್ತಿಲ್ಲ."

ಜೂನ್ ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು ಬಂದವು, ಹೋದವು. ಮೂವತ್ತರಂದು ಒಂದು ಆಟೋದಲ್ಲಿ ಕಚೇರಿಗೆ ಬಂದು ಸಹಿ ಹಾಕಿದರು. ಖಾಲಿ ಚೀಲವನ್ನು ನನ್ನ ಮೇಜಿನ ಮೇಲಿಟ್ಟು ಎರಡು ಸಲ ತಟ್ಟಿದರು. ಮಳೆಗೆ ಒಳದಾರಿಯಲ್ಲಿ ಆಟೋ ಹೋಗುವಂತಿರಲಿಲ್ಲ. ಎಪ್ಪತ್ತೊಂದು ಮನೆಯಲ್ಲಿ ಅವರು ಹೇಳಿ ಬಂದದ್ದು ಡಾಂಬರು ರಸ್ತೆಯ ಬದಿಯ ಒಂಬತ್ತು ಮನೆಗೆ, ಅದೂ ಆಟೋದಿಂದ ಇಳಿಯದೆ, ಕೂಗಿ ಕರೆದು. ಉಳಿದ ಅರವತ್ತೆರಡು ಮನೆಗೆ ಮುಂದಿನ ವಾರಗಳಲ್ಲಿ ನಾನು ಹೇಳಿದೆ. ಜಗುಲಿಗೆ ಹೋಗಿಯೇ ಹೇಳಿದೆ. ಬಹಳ ಮಂದಿ ಕೇಳಿದ್ದು ಒಂದೇ ಮಾತು: ಅವಳೇ ಯಾಕೆ ಬರಲಿಲ್ಲ?

ಆಮೇಲೆ ಅವರು ಯಲ್ಲಾಪುರದ ಕಡೆ, ವಜ್ರಳ್ಳಿಯಲ್ಲಿರುವ ಮಗಳ ಮನೆಗೆ ಹೋದರು.

ಅವರ ದಾರಿಯಲ್ಲಿ ನಡೆಯುತ್ತಾ ನನಗೆ ಬೇಕಾದ್ದು ಏನೆಂದು ತಿಳಿಯಿತು. ಶಿರಸಿಯಲ್ಲಿ ಚಪ್ಪಲಿ ಹೊಲಿಯುವ ಒಬ್ಬರಿಗೆ ನಾಲ್ಕನೆಯ ಮೆತ್ತೆ ಕೊಟ್ಟು, ಹಿಂದೆ ಪಟ್ಟಿ ಇಲ್ಲದ, ಮುಂದೆ ಅಗಲ ಪಟ್ಟಿಯ ಚಪ್ಪಲಿಯೊಳಗೆ ಕೂರಿಸಿ ಹೊಲಿಸಿದೆ. ಬಗ್ಗದೆ ಕಳಚಬಹುದು, ಬಗ್ಗದೆ ಹಾಕಬಹುದು, ಮೆತ್ತೆ ಜಾರುವುದಿಲ್ಲ. ಅವರು ಅಂದು ಬೂಟಿನ ಅಂಗಡಿಯಲ್ಲಿ ಕೇಳಿದ್ದ "ಹಗ್ಗ ಇಲ್ದೇ ಇದ್ದದ್ದು" ಇದೇ. ನಾನು ಎರಡು ತಿಂಗಳು ಹಾಕಿ ನಡೆದು ನೋಡಿದ ಮೇಲೆ ಅವರ ಅಳತೆಗೆ ಒಂದು ಜೊತೆ ಮಾಡಿಸಿದೆ. ಅಕ್ಟೋಬರ್ ಹನ್ನೆರಡರಂದು ವಜ್ರಳ್ಳಿಗೆ ಒಯ್ದೆ.

ಜಗುಲಿಯ ಮೇಲೆ ಕೂತಿದ್ದರು. ಕೋಲು ಪಕ್ಕದಲ್ಲಿತ್ತು. ಪೊಟ್ಟಣವನ್ನು ದಾರಿಯಲ್ಲಿ ಕೊಡದೆ ಜಗುಲಿ ಹತ್ತಿ ಕೈಗೇ ಕೊಟ್ಟೆ. ಅದಕ್ಕೆ ನಕ್ಕರು. ಚಪ್ಪಲಿಯ ಒಳಗೆ ಬೆರಳಾಡಿಸಿ ಮೆತ್ತೆಯನ್ನು ಗುರುತು ಹಿಡಿದರು. ಹಾಕಿಕೊಂಡು, ಕೋಲು ಹಿಡಿದು, ಅಂಗಳದಲ್ಲಿ ದಣಪೆಯವರೆಗೆ ಹೋಗಿ ಬಂದರು. ಹೋಗುವಾಗ ಇಪ್ಪತ್ಮೂರು ಹೆಜ್ಜೆ, ಬರುವಾಗ ಇಪ್ಪತ್ತೇಳು. ಬಂದು ನನ್ನ ಎದುರಿಗೆ ನಿಂತರು.

ಕೇಳಬಾರದೆಂದೇ ಹೋಗಿದ್ದೆ. ಬಾಯಿಗೆ ಬಂತು. ಅವರ ಕಣ್ಣು ಆಗಲೇ ನನ್ನ ಮುಖದ ಕಡೆ ಏಳುತ್ತಿತ್ತು. ನಾನು ಬೆನ್ನು ತಿರುಗಿಸಿ, ರಸ್ತೆಯ ಕಡೆ ಮುಖ ಮಾಡಿ ನಿಂತು ಕೇಳಿದೆ.

"ಹತ್ತರಾಗ ಎಷ್ಟ್ರಿ ಅಕ್ಕಾರ?"

ಕೋಲು ಗೋಡೆಗೆ ಒರಗಿಸಿದ ಸದ್ದು ಕೇಳಿತು.

"ಏಳು," ಎಂದರು. ಸ್ವಲ್ಪ ತಡೆದು, "ಬರ್ಕಳ್ಳಿ."